ಖಳರ ಖಾತೆಯ ಮೊದಲ ನಮೂದು

ಶನಿವಾರ ರಾತ್ರಿ ಊಟವಾದ ಮೇಲೆ ನಮ್ಮ ಮನೆಯ ಟೀವಿ ಮೊಮ್ಮಕ್ಕಳ ಸ್ವಾಧೀನಕ್ಕೆ ಹೋಗುತ್ತದೆ. ಮೊಮ್ಮಗ ಒಂಬತ್ತನೇ ಕ್ಲಾಸು, ಮೊಮ್ಮಗಳು ನಾಲ್ಕನೇ ಕ್ಲಾಸು. ಇಬ್ಬರೂ ನೋಡುವುದು ಅನಿಮೆ. ನನ್ನ ವಯಸ್ಸಿನ ಓದುಗರಿಗೆ ಹೇಳಿಬಿಡುತ್ತೇನೆ, ಅನಿಮೆ ಎಂದರೆ ಜಪಾನಿನಲ್ಲಿ ತಯಾರಾಗುವ ಕಾರ್ಟೂನು ಸಿನಿಮಾಗಳು ಮತ್ತು ಧಾರಾವಾಹಿಗಳು. ಕಾರ್ಟೂನು ಎಂದ ಕೂಡಲೇ ಇಲಿ ಬೆಕ್ಕನ್ನು ಓಡಿಸುವ ಆಟ ಅಂದುಕೊಳ್ಳಬೇಡಿ. ಅದರಲ್ಲಿ ಯುದ್ಧವಿದೆ, ಹಸಿವಿದೆ, ಸಾಲವಿದೆ, ಸಾವಿದೆ. ಎಲ್ಲಕ್ಕಿಂತ ಹೆಚ್ಚಾಗಿ ಬಹಳ ಒಳ್ಳೊಳ್ಳೆಯ ಕೆಟ್ಟವರಿದ್ದಾರೆ!

ನಮ್ಮ ಕಾಲದಲ್ಲಿ ಕೆಟ್ಟವರನ್ನು ಗುರುತಿಸುವುದಕ್ಕೆ ಕಷ್ಟವೇ ಇರಲಿಲ್ಲ. ವಜ್ರಮುನಿ ಪರದೆಯ ಮೇಲೆ ಹುಬ್ಬು ಗಂಟಿಕ್ಕಿದರೆ ಸಾಕು, ಹಿಂದಿನ ಸಾಲಿನ ಹೆಂಗಸರು ಬೆರಳು ಮುರಿದು ಶಾಪ ಹಾಕುತ್ತಿದ್ದರು. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವ ಮೊದಲೇ ಚೆಂಡೆಯ ಸದ್ದು ಬಂದು ರಾಕ್ಷಸ ಬರುತ್ತಿದ್ದಾನೆ ಎಂದು ಸಾರಿಬಿಡುತ್ತಿತ್ತು. ಈ ಜಪಾನಿನವರು ಅಷ್ಟು ಸುಲಭಕ್ಕೆ ಹೇಳಿಕೊಡುವುದಿಲ್ಲ. ಒಂದು ಸಿನಿಮಾದ ಅರ್ಧದಲ್ಲಿ ಮೊಮ್ಮಗಳು ನನ್ನ ಪಂಚೆಯ ಅಂಚು ಎಳೆದು, "ಅಜ್ಜ, ಇವಳು ಒಳ್ಳೆಯವಳಾ, ಕೆಟ್ಟವಳಾ?" ಎಂದು ಕೇಳಿದಳು. ನನಗೂ ಥಟ್ಟನೆ ಹೇಳಲಾಗಲಿಲ್ಲ. ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ.

ಅವಳು ಕೇಳಿದ್ದು ಎಬೋಷಿ ಎಂಬ ಹೆಂಗಸಿನ ವಿಚಾರ. ಸಿನಿಮಾದ ಹೆಸರು 'ಪ್ರಿನ್ಸೆಸ್ ಮೊನೊನೊಕೆ'. ಹಯಾವೊ ಮಿಯಾಜಾಕಿ ಎಂಬ ದೊಡ್ಡ ನಿರ್ದೇಶಕರು 1997ರಲ್ಲಿ ಮಾಡಿದ್ದು. ಕಥೆ ನಡೆಯುವುದು ಕೆಲವು ನೂರು ವರ್ಷಗಳ ಹಿಂದಿನ ಜಪಾನಿನಲ್ಲಿ. ಒಂದು ದೊಡ್ಡ ಕಾಡು, ಅದರ ಅಂಚಿನಲ್ಲಿ ಕಬ್ಬಿಣ ಕರಗಿಸುವ ಒಂದು ಊರು. ಕಾಡಿನಲ್ಲಿ ಹಂದಿ, ತೋಳಗಳ ರೂಪದ ದೇವತೆಗಳಿದ್ದಾರೆ. ಊರಿನ ಯಜಮಾನಿ ಎಬೋಷಿ. ಅವಳು ಮರ ಕಡಿಸುತ್ತಾಳೆ, ಬೆಟ್ಟ ಅಗೆಸುತ್ತಾಳೆ, ಅಡ್ಡ ಬಂದ ಹಂದಿ ದೇವರಿಗೆ ಗುಂಡು ಹೊಡೆಯುತ್ತಾಳೆ. ಆ ಗುಂಡಿನ ನೋವಿನಲ್ಲಿ ಹಂದಿ ದೇವರು ಕೋಪದ ಭೂತವಾಗಿ ದೂರದ ಹಳ್ಳಿಯೊಂದಕ್ಕೆ ನುಗ್ಗುತ್ತದೆ. ಅದನ್ನು ತಡೆದ ಅಶಿತಾಕ ಎಂಬ ಹುಡುಗನ ಕೈಗೆ ಶಾಪ ಅಂಟಿಕೊಳ್ಳುತ್ತದೆ. ಸತ್ತ ಹಂದಿಯ ಮೈಯಲ್ಲಿ ಸಿಕ್ಕಿದ ಕಬ್ಬಿಣದ ಗುಂಡು ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಅವನು ಹೊರಡುತ್ತಾನೆ. ಇಷ್ಟು ಕೇಳಿದರೆ ಎಬೋಷಿ ಖಂಡಿತ ಕೇಡಿ, ಅಲ್ಲವೇ?

ಆದರೆ ಹುಡುಗ ಆ ಊರಿಗೆ ಹೋಗಿ ನೋಡಿದಾಗ ಲೆಕ್ಕ ಬೇರೆಯಾಗುತ್ತದೆ. ಕುಲುಮೆಯ ದೊಡ್ಡ ತಿದಿಯನ್ನು ತುಳಿಯುವವರೆಲ್ಲ ಹೆಂಗಸರು. ಪಟ್ಟಣಗಳಲ್ಲಿ ಮಾರಾಟವಾಗಿ ನರಕದಲ್ಲಿದ್ದ ಹೆಣ್ಣುಮಕ್ಕಳನ್ನು ಎಬೋಷಿ ಹಣ ಕೊಟ್ಟು ಬಿಡಿಸಿ ತಂದಿದ್ದಾಳೆ. ಇಲ್ಲಿ ಹೊಟ್ಟೆ ತುಂಬ ಊಟವಿದೆ, ಗಂಡಸರ ಕಾಟವಿಲ್ಲ. ಅವರು ತಿದಿ ತುಳಿಯುತ್ತಾ ಹಾಡುತ್ತಾರೆ, ಗಂಡಂದಿರನ್ನು ಗದರಿಸುತ್ತಾರೆ, ಹೊಸಬ ಹುಡುಗನನ್ನು ಗೇಲಿ ಮಾಡುತ್ತಾರೆ. ಊರಿನ ಹಿಂಭಾಗದಲ್ಲಿ ಎಬೋಷಿಯದೇ ಒಂದು ತೋಟ, ಅದರಲ್ಲೊಂದು ಮನೆ. ಮೈಯೆಲ್ಲ ಬಟ್ಟೆ ಸುತ್ತಿಕೊಂಡ ಕುಷ್ಠರೋಗಿಗಳು ಅಲ್ಲಿ ಬಂದೂಕು ತಯಾರಿಸುತ್ತಾರೆ. ಯಾರೂ ಹತ್ತಿರ ಸೇರಿಸದ ಅವರ ಕೊಳೆತ ಗಾಯಗಳನ್ನು ಎಬೋಷಿ ತನ್ನ ಕೈಯಾರೆ ತೊಳೆದಿದ್ದಾಳೆ. ತಮ್ಮನ್ನು ಮನುಷ್ಯರು ಎಂದು ಕಂಡವಳು ಅವಳೊಬ್ಬಳೇ, ಅವಳನ್ನು ಕೊಲ್ಲಬೇಡ ಎಂದು ಹಾಸಿಗೆ ಹಿಡಿದ ಮುದುಕನೊಬ್ಬ ಹುಡುಗನನ್ನು ಬೇಡಿಕೊಳ್ಳುತ್ತಾನೆ.

ಈ ಮುದುಕನ ದೃಶ್ಯ ಸುಮ್ಮನೆ ಬಂದದ್ದಲ್ಲ. ಟೋಕಿಯೋ ಹತ್ತಿರ, ಮಿಯಾಜಾಕಿಯವರ ಮನೆಗೆ ದೂರವಲ್ಲದ ಕಡೆ, ಕುಷ್ಠರೋಗಿಗಳ ಹಳೆಯ ಆಶ್ರಮವೊಂದಿದೆ. ಅದರ ಹೆಸರು ತಾಮಾ ಝೆನ್‌ಶೋಎನ್. ಈ ಸಿನಿಮಾದ ಬಗ್ಗೆ ಯೋಚಿಸುತ್ತಿದ್ದ ಕಾಲದಲ್ಲಿ ಮಿಯಾಜಾಕಿ ಅಲ್ಲಿಗೆ ಹೋಗಿ ಬಂದಿದ್ದರು, ಅಲ್ಲಿ ಕಂಡದ್ದು ಅವರ ಮನಸ್ಸಿನಲ್ಲಿ ಉಳಿಯಿತು. ಆ ರೋಗಿಗಳನ್ನು ಊರಿನಿಂದ ಬೇರ್ಪಡಿಸಿ ಕೂಡಿಡುವ ಕಾನೂನನ್ನು ಜಪಾನ್ ರದ್ದು ಮಾಡಿದ್ದು 1996ರಲ್ಲಿ. ಔಷಧಿ ಬಂದು ಎಷ್ಟೋ ದಶಕ ಕಳೆದಿತ್ತು. ಕಾನೂನು ಹೋದ ಮರುವರ್ಷವೇ ಈ ಸಿನಿಮಾ ಬಂತು. ಜಪಾನಿನ ಥಿಯೇಟರಿನಲ್ಲಿ ಕೂತು ಆ ಮುದುಕನ ಮಾತು ಕೇಳಿದ ನನ್ನಂಥ ವಯಸ್ಸಾದವರಿಗೆ ಹೇಗೆ ಆಗಿರಬೇಡ!

ಇನ್ನು ಕಬ್ಬಿಣದ ವಿಚಾರ. ಜಪಾನಿನಲ್ಲಿ ಹಿಂದೆ ಕಬ್ಬಿಣ ಮಾಡುತ್ತಿದ್ದುದು ನದಿ ಮತ್ತು ಬೆಟ್ಟದ ಮರಳಿನಲ್ಲಿ ಬೆರೆತಿರುವ ಕರಿಯ ಕಬ್ಬಿಣದ ಪುಡಿಯಿಂದ. ಅದನ್ನು 'ತತಾರ' ಎಂಬ ಮಣ್ಣಿನ ಕುಲುಮೆಯಲ್ಲಿ ಇದ್ದಿಲಿನ ಜೊತೆ ಹಾಕಿ ದಿನಗಟ್ಟಲೆ ಗಾಳಿ ಊದಿ ಕರಗಿಸಬೇಕು. ಸಮುರಾಯಿಗಳ ಕತ್ತಿಗೆ ಬೇಕಾದ ಉಕ್ಕು ಬರುತ್ತಿದ್ದುದು ಹೀಗೆ. ಇದ್ದಿಲು ಎಂದರೆ ಮರ. ಒಂದೊಂದು ಕುಲುಮೆಗೂ ರಾಶಿ ರಾಶಿ ಮರ. ಆದ್ದರಿಂದ ಎಬೋಷಿಗೆ ಕಾಡಿನ ಮೇಲೆ ದ್ವೇಷವೇನಿಲ್ಲ. ಕುಲುಮೆ ಆರಿದರೆ ಅವಳು ಬಿಡಿಸಿ ತಂದ ಹೆಂಗಸರು ಮತ್ತೆ ಬೀದಿಗೆ ಬೀಳುತ್ತಾರೆ. ಮಲೆನಾಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುದುರೆಮುಖದಲ್ಲಿ 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ಅದಿರು ತೆಗೆಯುವುದು ನಿಂತಾಗ, ಶೋಲಾ ಕಾಡು ಮತ್ತು ಭದ್ರೆಯ ನೀರು ಉಳಿಯಿತು ಎಂದು ಸಂತೋಷಪಟ್ಟವರನ್ನೂ, ಕೆಲಸ ಹೋಯಿತು, ಮಕ್ಕಳ ಶಾಲೆ ಹೋಯಿತು ಎಂದು ಗಂಟುಮೂಟೆ ಕಟ್ಟಿದವರನ್ನೂ ನಾವು ನೋಡಿದ್ದೇವೆ.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕಂಪ್ಯೂಟರ್ ಬರುವ ಮೊದಲು ದಪ್ಪ ಲೆಡ್ಜರುಗಳಲ್ಲಿ ಲೆಕ್ಕ ಬರೆಯುತ್ತಿದ್ದೆವು. ಸಂಜೆ ಲೆಕ್ಕ ತಾಳೆಯಾಗದೆ ಹತ್ತು ಪೈಸೆ ವ್ಯತ್ಯಾಸ ಬಂದರೂ ಮನೆಗೆ ಹೋಗುವಂತಿಲ್ಲ. ಹತ್ತು ಪೈಸೆಯನ್ನು ಜೇಬಿನಿಂದ ಹಾಕಿ ಮುಗಿಸಿದರಾಯಿತಲ್ಲ ಎಂದು ಮಕ್ಕಳು ಕೇಳುತ್ತಾರೆ. ಹಾಗೆ ಮಾಡುವ ಹಾಗಿಲ್ಲ ಮಕ್ಕಳೇ. ಪುಟ ಹಿಂದಕ್ಕೆ ತಿರುಗಿಸುತ್ತಾ ಹೋಗಿ ಮೊದಲ ತಪ್ಪು ನಮೂದು ಎಲ್ಲಾಗಿದೆ ಎಂದು ಹುಡುಕಬೇಕು. ಅನಿಮೆ ಖಳರನ್ನು ನೋಡುವಾಗ ನನಗೆ ಇದೇ ಚಾಳಿ. ಇವರ ಖಾತೆಯಲ್ಲಿ ಮೊದಲ ತಪ್ಪು ನಮೂದು ಯಾವುದು? ಬಹಳ ಕಾಲ ನೆನಪಿನಲ್ಲಿ ಉಳಿಯುವ ಖಳರಲ್ಲಿ ಅದು ಸಿಕ್ಕೇ ಸಿಗುತ್ತದೆ. ಸಿಕ್ಕಾಗ ಮೈ ಜುಮ್ಮೆನ್ನುತ್ತದೆ, ಏಕೆಂದರೆ ಅದು ನಾವೂ ಬರೆದುಬಿಡಬಹುದಾಗಿದ್ದ ನಮೂದು. ಎಬೋಷಿಯ ಖಾತೆಯ ಮೊದಲ ಪುಟದಲ್ಲಿರುವುದಂತೂ ಪುಣ್ಯದ ಕೆಲಸ. ಆ ಪುಣ್ಯವನ್ನು ನಡೆಸಿಕೊಂಡು ಹೋಗಲು ಬೇಕಾದ ಖರ್ಚನ್ನು ಅವಳು ಕಾಡಿನ ಲೆಕ್ಕಕ್ಕೆ ಬರೆಯುತ್ತಾ ಹೋಗುತ್ತಾಳೆ. ಕೊನೆಗೆ ಕಾಡಿನ ದೇವರ ತಲೆಯನ್ನೇ ತೆಗೆಯುವ ಮಟ್ಟಕ್ಕೆ ಹೋಗುತ್ತಾಳೆ.

ಅವಳಿಗೆ ಏನಾಯಿತು ಎನ್ನುವುದನ್ನು ಸಿನಿಮಾದಲ್ಲೇ ನೋಡಿ. ಅವಳು ಸಾಯುವುದಿಲ್ಲ ಎಂದಷ್ಟೇ ಹೇಳುತ್ತೇನೆ. ದೊಡ್ಡದೊಂದು ಬೆಲೆ ತೆತ್ತು ಬದುಕುತ್ತಾಳೆ, ಮತ್ತೆ ಮೊದಲಿಂದ ಊರು ಕಟ್ಟಲು ಕೂರುತ್ತಾಳೆ. ನಮ್ಮ ಸಿನಿಮಾ ಆಗಿದ್ದರೆ ಕೊನೆಯಲ್ಲಿ ಪೊಲೀಸ್ ಜೀಪು ಬಂದಿರುತ್ತಿತ್ತು.

ಇದೇ ಮಿಯಾಜಾಕಿಯವರು 2001ರಲ್ಲಿ ಮಾಡಿದ 'ಸ್ಪಿರಿಟೆಡ್ ಅವೇ' ನನ್ನ ಮೊಮ್ಮಗಳಿಗೆ ಬಾಯಿಪಾಠ. ಆಸ್ಕರ್ ಪ್ರಶಸ್ತಿ ಪಡೆದ ಸಿನಿಮಾ ಅದು. ಚಿಹಿರೊ ಎಂಬ ಹತ್ತು ವರ್ಷದ ಹುಡುಗಿ ದೇವತೆಗಳೂ ಭೂತಗಳೂ ಸ್ನಾನಕ್ಕೆ ಬರುವ ಒಂದು ಮಾಯಾ ಛತ್ರಕ್ಕೆ ಸಿಕ್ಕಿಬೀಳುತ್ತಾಳೆ. ಅವಳ ಅಪ್ಪ ಅಮ್ಮ ಕೇಳದೆ ಕೇಳದೆ ತಿಂದು ಹಂದಿಗಳಾಗಿಬಿಡುತ್ತಾರೆ. ಛತ್ರದ ಒಡತಿ ಯೂಬಾಬಾ, ದೊಡ್ಡ ತಲೆಯ, ಬೆರಳಿಗೆಲ್ಲ ಉಂಗುರ ತೊಟ್ಟ ಮುದುಕಿ. ಅವಳು ಹುಡುಗಿಯನ್ನು ಹೊಡೆಯುವುದಿಲ್ಲ, ಬಡಿಯುವುದಿಲ್ಲ. ಕರಾರು ಪತ್ರ ಮುಂದಿಟ್ಟು ಸಹಿ ಮಾಡಿಸುತ್ತಾಳೆ! ಸಹಿಯಾದ ಕೂಡಲೇ ಹುಡುಗಿಯ ಹೆಸರಿನಿಂದ ಒಂದು ಅಕ್ಷರ ಕಿತ್ತುಕೊಳ್ಳುತ್ತಾಳೆ. ಜಪಾನಿ ಲಿಪಿಯಲ್ಲಿ ಚಿಹಿರೊ ಎಂಬ ಹೆಸರಿಗೆ ಎರಡು ಅಕ್ಷರ. ಎರಡನೆಯದು ಹೋದರೆ ಉಳಿದದ್ದನ್ನು 'ಸೆನ್' ಎಂದು ಓದುತ್ತಾರೆ. ಸೆನ್ ಎಂದರೆ ಸಾವಿರ. ಹೆಸರಿದ್ದ ಹುಡುಗಿ ಒಂದು ಸಂಖ್ಯೆಯಾಗಿಬಿಟ್ಟಳು. ಹೆಸರು ಮರೆತವರು ಅಲ್ಲಿಂದ ಮನೆಗೆ ಹೋಗಲಾರರು.

ಮೂವತ್ತೆಂಟು ವರ್ಷ ಸಹಿ ಪರೀಕ್ಷೆ ಮಾಡಿದ ನನಗೆ ಈ ದೃಶ್ಯ ಯಾವ ರಾಕ್ಷಸನ ಕೋರೆಹಲ್ಲಿಗಿಂತಲೂ ಭಯ ಹುಟ್ಟಿಸಿತು. ಆದರೂ ಯೂಬಾಬಾ ಮೋಸಗಾತಿಯಲ್ಲ. ಕೆಲಸ ಕೇಳಿ ಬಂದವರಿಗೆ ಕೆಲಸ ಕೊಡಬೇಕು ಎಂಬ ಮಾತಿಗೆ ಕಟ್ಟುಬಿದ್ದವಳು, ಬೈದುಕೊಂಡೇ ಕೊಡುತ್ತಾಳೆ. ತನ್ನ ದೈತ್ಯ ಮಗುವಿನ ಮುಂದೆ ಬೆಣ್ಣೆಯಾಗುತ್ತಾಳೆ. ಅವಳಿಗೆ ಒಬ್ಬ ಅವಳಿ ಅಕ್ಕ ಇದ್ದಾಳೆ, ಝೆನಿಬಾ. ಜಪಾನಿಯಲ್ಲಿ 'ಯು' ಎಂದರೆ ಬಿಸಿನೀರು, 'ಝೆನಿ' ಎಂದರೆ ಕಾಸು. ತಮಾಷೆ ಏನೆಂದರೆ ಕಾಸಿನ ಹೆಸರಿನ ಅಕ್ಕ ಹುಲ್ಲು ಮಾಡಿನ ಗುಡಿಸಿನಲ್ಲಿ ನೂಲು ನೂಲಿಕೊಂಡು ಇದ್ದರೆ, ಬಿಸಿನೀರಿನ ಹೆಸರಿನ ತಂಗಿ ರಾತ್ರಿಯೆಲ್ಲ ಚಿನ್ನದ ಲೆಕ್ಕ ಮಾಡುತ್ತಿರುತ್ತಾಳೆ.

ಈಗ ಹುಡುಗರು ಕಾಯುತ್ತಿರುವ ಹೆಸರಿಗೆ ಬರೋಣ. ಫ್ರೀಜಾ! 'ಡ್ರ್ಯಾಗನ್ ಬಾಲ್ ಝಡ್' ಧಾರಾವಾಹಿಯ ಚಕ್ರವರ್ತಿ. ಕುಳ್ಳಗೆ, ಬೆಳ್ಳಗೆ, ಉದ್ದ ಬಾಲ, ತುಟಿಗೆ ಬಣ್ಣ ಹಚ್ಚಿದ ಹಾಗೆ ಇದ್ದಾನೆ. ಇವನ ವೃತ್ತಿ ಏನು ಗೊತ್ತೇ? ಗ್ರಹಗಳ ವ್ಯಾಪಾರ. ಒಂದು ಗ್ರಹಕ್ಕೆ ಸೈನಿಕರನ್ನು ಕಳಿಸುವುದು, ಅಲ್ಲಿರುವವರನ್ನು ನಿರ್ನಾಮ ಮಾಡಿಸುವುದು, ಖಾಲಿಯಾದ ಗ್ರಹವನ್ನು ಒಳ್ಳೆಯ ಬೆಲೆಗೆ ಮಾರುವುದು.

ಇದನ್ನು ಬರೆದು ಚಿತ್ರಿಸಿದ ಅಕಿರಾ ತೋರಿಯಾಮ (ಅವರು 2024ರ ಮಾರ್ಚ್ 1ರಂದು ತೀರಿಕೊಂಡರು) ಫ್ರೀಜಾನನ್ನು ರೂಪಿಸುವಾಗ ತಮ್ಮ ಮನಸ್ಸಿನಲ್ಲಿ ಇದ್ದವರು ಜಪಾನಿನ ಜಮೀನು ದಲ್ಲಾಳಿಗಳು ಎಂದು ಹೇಳಿದ್ದರು. 1980ರ ದಶಕದ ಕೊನೆಗೆ ಜಪಾನಿನಲ್ಲಿ ನೆಲದ ಬೆಲೆ ಹುಚ್ಚು ಹಿಡಿದಂತೆ ಏರಿತ್ತು. ಟೋಕಿಯೋದ ಅರಮನೆ ಆವರಣದ ನೆಲವೊಂದಕ್ಕೇ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಷ್ಟು ಬೆಲೆ ಎಂದು ಜನ ಮಾತಾಡಿಕೊಳ್ಳುತ್ತಿದ್ದ ಕಾಲ. ಬ್ಯಾಂಕುಗಳು ನೆಲವನ್ನು ನೋಡಿ ಸಾಲ ಕೊಟ್ಟವು, ಸಾಲದ ಹಣದಲ್ಲಿ ಮತ್ತೆ ನೆಲ ಕೊಂಡರು, ಬೆಲೆ ಮತ್ತೆ ಏರಿತು. ಹಳೆಯ ಮನೆಗಳಲ್ಲಿ ಬಾಡಿಗೆಗಿದ್ದ ಮುದುಕ ಮುದುಕಿಯರನ್ನು ಹೆದರಿಸಿ ಎಬ್ಬಿಸಿ ಜಾಗ ಖಾಲಿ ಮಾಡಿಸುವುದೇ ಕೆಲವರ ಕಸುಬಾಯಿತು. 1989ರ ಡಿಸೆಂಬರ್ ಕೊನೆಗೆ ಅಲ್ಲಿನ ಷೇರು ಸೂಚ್ಯಂಕ 38,900 ದಾಟಿ ತುದಿ ಮುಟ್ಟಿತು, ಆಮೇಲೆ ಆ ಗುಳ್ಳೆ ಒಡೆಯಿತು. ಮಕ್ಕಳ ಕಾಮಿಕ್ಸಿನ ಖಳನೊಬ್ಬ ಹುಟ್ಟಿದ್ದು ಇಂಥ ಜಮಾನದಲ್ಲಿ. ಊರ ಪಕ್ಕದ ತೋಟಗಳು ಲೇಔಟುಗಳಾಗುವುದನ್ನು ನೋಡಿದ ನಮಗೆ ಫ್ರೀಜಾ ಅಷ್ಟೇನೂ ಪರಗ್ರಹದವನು ಅನಿಸುವುದಿಲ್ಲ.

ಫ್ರೀಜಾನ ಇನ್ನೊಂದು ಗುಟ್ಟು ಅವನ ಮಾತು. ಮೊಮ್ಮಗ ಒಮ್ಮೆ ಜಪಾನಿ ಧ್ವನಿಯಲ್ಲೇ ಹಾಕಿ ತೋರಿಸಿದ. ಅವನು ಕೂಗುವುದಿಲ್ಲ. ಬಹಳ ಮರ್ಯಾದೆಯ ಜಪಾನಿ ಮಾತಾಡುತ್ತಾನೆ, ಕೈಕೆಳಗಿನ ಸೈನಿಕರ ಹೆಸರಿಗೂ ಗೌರವದ 'ಸಾನ್' ಸೇರಿಸುತ್ತಾನೆ. ನಮ್ಮ ಕನ್ನಡದಲ್ಲಿ ಹೇಳುವುದಾದರೆ "ತಾವು ದಯಮಾಡಿ ಸಾಯಬೇಕು" ಎನ್ನುವ ಧಾಟಿ. ನೋಟೀಸುಗಳನ್ನು ಟೈಪು ಮಾಡುತ್ತಿದ್ದ ದಿನಗಳು ನೆನಪಾದವು. ಎಷ್ಟು ಕೆಟ್ಟ ಸುದ್ದಿಯಿದ್ದರೂ ಕಾಗದ ಶುರುವಾಗುತ್ತಿದ್ದುದು 'ತಮ್ಮ ಗಮನಕ್ಕೆ ತರಲು ಇಚ್ಛಿಸುತ್ತೇವೆ' ಎಂದೇ. ಕೆಂಗಣ್ಣು ಬಿಟ್ಟು ಬೈಯುವವನಲ್ಲಿ ಕೋಪವಾದರೂ ಇರುತ್ತದೆ, ಕೋಪ ಇಳಿಯುತ್ತದೆ. ನಗುನಗುತ್ತಾ ಲೆಕ್ಕ ಹಾಕುವವನಲ್ಲಿ ಇಳಿಯಲು ಏನೂ ಇರುವುದಿಲ್ಲ. ಮೊದಲ ತಪ್ಪು ನಮೂದನ್ನು ಇವನ ಖಾತೆಯಲ್ಲಿ ಹುಡುಕಿ ನಾನು ಸೋತೆ. ಅಪ್ಪನ ಕಾಲದಿಂದಲೂ ನಡೆದು ಬಂದ ವ್ಯಾಪಾರ ಅದು.

ಹೆಸರುಗಳಲ್ಲೂ ತೋರಿಯಾಮ ಚೇಷ್ಟೆ ಮಾಡಿದ್ದಾರೆ. ಫ್ರೀಜಾ ಎಂದರೆ ನಮ್ಮ ಫ್ರಿಜ್ಜಿನ ಫ್ರೀಜರು. ಅವನ ಅಪ್ಪ ಕೋಲ್ಡ್, ಅಣ್ಣ ಕೂಲರ್. ಅವನ ಕೈಕೆಳಗೆ ದುಡಿದ ರಾಜಕುಮಾರ ವೆಜಿಟಾ, ಹೆಸರು ವೆಜಿಟಬಲ್‌ನಿಂದ. ಈ ವೆಜಿಟಾ ಮೊದಲು ಬರುವುದು ಖಳನಾಗಿಯೇ. ಭಾರಿ ಜಂಬ, ದಯೆ ಇಲ್ಲ. ಆದರೆ ಅವನ ಗ್ರಹವನ್ನು ನಾಶ ಮಾಡಿದವನು ಫ್ರೀಜಾನೇ. ಸಾಯುವ ಹೊತ್ತಿನಲ್ಲಿ ಆ ಜಂಬದ ರಾಜಕುಮಾರ ಕಣ್ಣೀರು ಹಾಕಿಕೊಂಡು ತನ್ನ ಶತ್ರುವಿನ ಹತ್ತಿರ ಫ್ರೀಜಾನನ್ನು ಸೋಲಿಸು ಎಂದು ಬೇಡಿಕೊಳ್ಳುತ್ತಾನೆ. ಆ ದಿನ ನಮ್ಮ ಮನೆಯಲ್ಲಿ ಒಂಬತ್ತನೇ ಕ್ಲಾಸಿನವನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಎದ್ದು ಹೋದ.

ಫ್ರೀಜಾನಿಗೆ ಜಪಾನಿಯಲ್ಲಿ ದನಿ ಕೊಟ್ಟವರು ರ್‍ಯೂಸೆ ನಕಾವೊ ಎಂಬ ಕಲಾವಿದರು. ಅದೇ ದನಿಯನ್ನು ಜಪಾನಿನ ಅಂಗನವಾಡಿ ವಯಸ್ಸಿನ ಮಕ್ಕಳೂ ಗುರುತಿಸುತ್ತಾರೆ, ಆದರೆ ನಕ್ಕುಬಿಡುತ್ತಾರೆ. ಏಕೆಂದರೆ 1988ರಲ್ಲಿ ಶುರುವಾದ 'ಅನ್‌ಪಾನ್‌ಮನ್' ಧಾರಾವಾಹಿಯ ತುಂಟ ಖಳ ಬೈಕಿನ್‌ಮನ್‌ಗೂ ಅವರೇ ದನಿ. ಅನ್‌ಪಾನ್‌ಮನ್ ಎಂದರೆ ಸಿಹಿ ಹೂರಣ ತುಂಬಿದ ಬನ್ನಿನ ತಲೆಯ ವೀರ. ಹಸಿದವರು ಸಿಕ್ಕಿದರೆ ತನ್ನ ತಲೆಯನ್ನೇ ಮುರಿದು ತಿನ್ನಲು ಕೊಡುತ್ತಾನೆ! ಅವನ ಎದುರಾಳಿ ಬೈಕಿನ್‌ಮನ್ ಒಂದು ಸೂಕ್ಷ್ಮಾಣು. ಬನ್ನಿಗೆ ಬೂಷ್ಟು ಹಿಡಿಸುವುದೇ ಅವನ ಕೆಲಸ. ಅವನು ಎಷ್ಟು ಸಲ ಸೋತರೂ ಮರುದಿನ ಹಾಜರು. ನನ್ನ ಹೆಂಡತಿ ಇದನ್ನು ಕೇಳಿ, ಸೂಕ್ಷ್ಮಾಣುವೇ ಇಲ್ಲದಿದ್ದರೆ ಬನ್ನು ಉಬ್ಬುವುದು ಹೇಗೆ, ದೋಸೆ ಹಿಟ್ಟು ಹುಳಿ ಬರುವುದು ಹೇಗೆ ಎಂದಳು. ನನಗೆ ಅದು ಹೊಳೆದಿರಲಿಲ್ಲ.

ಸೋತರೂ ಬಿಡದ ಖಳರ ಮಾತು ಬಂದಾಗ 'ಪೋಕೆಮಾನ್'ನ ಟೀಮ್ ರಾಕೆಟ್ ನೆನಪಾಗದೆ ಇರುತ್ತದೆಯೇ? 1997ರ ಏಪ್ರಿಲ್‌ನಲ್ಲಿ ಶುರುವಾದ ಈ ಧಾರಾವಾಹಿಯಲ್ಲಿ ಜೆಸ್ಸಿ, ಜೇಮ್ಸ್ ಮತ್ತು ಮಾತಾಡುವ ಬೆಕ್ಕು ಮಿಯೌತ್ ಸೇರಿ ಒಂದು ಪಿಕಾಚುವನ್ನು ಕದಿಯಲು ಇಪ್ಪತ್ತೈದು ವರ್ಷ ಪರದಾಡಿದರು. ಜಪಾನಿಯಲ್ಲಿ ಜೆಸ್ಸಿ ಜೇಮ್ಸ್‌ರ ಹೆಸರು ಮುಸಾಶಿ ಮತ್ತು ಕೊಜಿರೊ. ನಾಲ್ಕು ಶತಮಾನದ ಹಿಂದೆ ಒಂದು ದ್ವೀಪದಲ್ಲಿ ಕಾದಾಡಿದ ಇಬ್ಬರು ಹೆಸರಾಂತ ಕತ್ತಿವರಸೆಗಾರರ ಹೆಸರುಗಳು ಅವು. ಅಂಥ ಹೆಸರಿಟ್ಟುಕೊಂಡು ಪ್ರತಿ ವಾರ ಏಟು ತಿಂದು ಆಕಾಶಕ್ಕೆ ಹಾರಿಹೋಗುವುದು! ಜೆಸ್ಸಿ ಚಿಕ್ಕಂದಿನಲ್ಲಿ ಬಡತನಕ್ಕೆ ಹಿಮವನ್ನೇ ಊಟವೆಂದು ತಿಂದವಳು. ಜೇಮ್ಸ್ ಸಿರಿವಂತರ ಮಗ, ಬೇಡದ ಮದುವೆಗೆ ಹೆದರಿ ಮನೆ ಬಿಟ್ಟವನು.

ನನಗೆ ಇಷ್ಟವಾದದ್ದು ಬೆಕ್ಕು. ಮಿಯೌತ್‌ನ ಹಣೆಯ ಮೇಲೆ ಒಂದು ಚಿನ್ನದ ನಾಣ್ಯವಿದೆ. ಅದು ಕೊಬಾನ್, ಜಪಾನಿನ ಹಳೆಯ ಕಾಲದ ಮೊಟ್ಟೆಯಾಕಾರದ ನಾಣ್ಯ. 'ಬೆಕ್ಕಿಗೆ ಕೊಬಾನ್ ಕೊಟ್ಟಂತೆ' ಎಂದು ಜಪಾನಿನಲ್ಲಿ ಒಂದು ಗಾದೆ ಇದೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎನ್ನುತ್ತೇವಲ್ಲ, ಹಾಗೆ. ಗಾದೆಯನ್ನು ತಿರುಗಿಸಿ ಬೆಕ್ಕಿನ ಹಣೆಗೇ ಅಂಟಿಸಿದ್ದಾರೆ. ಈ ಬೆಕ್ಕು ಮಾತು ಕಲಿತದ್ದು ಒಂದು ಹೆಣ್ಣು ಬೆಕ್ಕನ್ನು ಮೆಚ್ಚಿಸುವುದಕ್ಕೆ. ಎರಡು ಕಾಲಿನಲ್ಲಿ ನಡೆಯುವುದನ್ನೂ ಮನುಷ್ಯರ ಮಾತನ್ನೂ ಬಿದ್ದು ಎದ್ದು ಕಲಿತು ಅವಳ ಮುಂದೆ ನಿಂತರೆ, ನೀನೊಂದು ವಿಚಿತ್ರ ಪ್ರಾಣಿ ಎಂದು ಅವಳು ದೂರ ಮಾಡಿದಳು. ಇದಾದ ಮೇಲೆ ಅದು ಕಳ್ಳರ ಗುಂಪಿಗೆ ಸೇರಿತು. ಮಿಯೌತ್ ಖಾತೆಯ ಮೊದಲ ನಮೂದು ಪ್ರೀತಿ, ಪಾಪ.

ಇನ್ನು ಉಳಿದದ್ದು ಒಬ್ಬನೇ, ಅವನ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಸಣ್ಣ ಮಕ್ಕಳು ನೋಡುವಂಥದ್ದಲ್ಲ ಇದು. ಹೈಸ್ಕೂಲು ಮುಟ್ಟಿದವರು ಮನೆಯಲ್ಲಿ ಹಿರಿಯರೊಬ್ಬರ ಜೊತೆ ಕೂತು ನೋಡಲಿ. 'ಡೆತ್ ನೋಟ್' ಎಂದು ಹೆಸರು. 2006ರಲ್ಲಿ ಬಂದ, 37 ಕಂತುಗಳ ಧಾರಾವಾಹಿ. ಲೈಟ್ ಯಾಗಮಿ ಎಂಬ ಹುಡುಗ ಶಾಲೆಯಲ್ಲಿ ಎಲ್ಲದರಲ್ಲೂ ಮೊದಲನೆಯವನು, ತಂದೆ ದೊಡ್ಡ ಪೊಲೀಸ್ ಅಧಿಕಾರಿ. ಅವನಿಗೆ ಬಿದ್ದ ಒಂದು ನೋಟ್‌ಬುಕ್ ಸಿಗುತ್ತದೆ. ಮುಖ ಮನಸ್ಸಿನಲ್ಲಿಟ್ಟುಕೊಂಡು ಯಾರ ಹೆಸರು ಬರೆದರೆ ಅವರು ಸಾಯುತ್ತಾರೆ. ಅದನ್ನು ಬೀಳಿಸಿದ್ದು ಸಾವಿನ ಲೋಕದ ರ್‍ಯೂಕ್ ಎಂಬ ದೇವತೆ. ಅವನಿಗೆ ಬೇಜಾರಾಗಿತ್ತಂತೆ, ಅಷ್ಟೇ ಕಾರಣ. ಲೈಟ್ ಕೆಟ್ಟ ಅಪರಾಧಿಗಳ ಹೆಸರು ಬರೆಯಲು ಶುರು ಮಾಡುತ್ತಾನೆ. ಲೋಕದಲ್ಲಿ ಅಪರಾಧ ಕಡಿಮೆಯಾಗುತ್ತದೆ, ಜನ ಅವನನ್ನು ದೇವರೆನ್ನುತ್ತಾರೆ.

"ಅವನು ಮಾಡಿದ್ದು ಸರಿ ಅಜ್ಜ," ಎಂದ ಮೊಮ್ಮಗ. "ಕೆಟ್ಟವರು ತಾನೇ ಸತ್ತದ್ದು?"

ನಾನು ಟೀವಿ ಆರಿಸಲಿಲ್ಲ. ಮಗ ಆರಿಸು ಎಂದ, ಇಂಥದ್ದೆಲ್ಲ ತಲೆ ಕೆಡಿಸುತ್ತದೆ ಎಂದ. ಹುಡುಗನ ತಲೆಯಲ್ಲಿ ಇರುವುದು ಬಾಯಿಗೆ ಬಂದಾಗ ಟೀವಿ ಆರಿಸಿದರೆ ಬಾಯಿ ಮುಚ್ಚುತ್ತದೆಯೇ ಹೊರತು ತಲೆಯಲ್ಲಿರುವುದು ಹೋಗುವುದಿಲ್ಲ ಎಂದು ನನ್ನ ಅಭಿಪ್ರಾಯ. ಅವನಿಗೆ ನನ್ನ ಹಳೆಯ ಆಟ ಕೊಟ್ಟೆ. ಪುಟ ಹಿಂದಕ್ಕೆ ತಿರುಗಿಸು, ಮೊದಲ ತಪ್ಪು ನಮೂದು ಯಾವುದು ಹುಡುಕು ಎಂದೆ.

ಎರಡು ದಿನ ಹುಡುಕಿದ. ಎರಡನೇ ಕಂತಿನಲ್ಲಿ ಟೀವಿಯಲ್ಲಿ ಒಬ್ಬ ಬಂದು ಲೈಟ್‌ನನ್ನು ಬೈಯುತ್ತಾನೆ. ನೀನು ಮಾಡುತ್ತಿರುವುದು ಕೆಟ್ಟ ಕೆಲಸ ಎನ್ನುತ್ತಾನೆ. ಆ ಕ್ಷಣದಲ್ಲೇ ಅವನ ಹೆಸರು ಬರೆದು ಲೈಟ್ ಕೊಲ್ಲುತ್ತಾನೆ. ಅವನೇನು ಅಪರಾಧ ಮಾಡಿದ್ದನೆಂದು ಲೈಟ್‌ಗೆ ಗೊತ್ತೇ ಇರಲಿಲ್ಲ. ಮೊದಲು ಅದೇ ತಪ್ಪು ನಮೂದು ಎಂದ ಮೊಮ್ಮಗ. ಆಮೇಲೆ ಅವನೇ, ಅಲ್ಲ, ಇನ್ನೂ ಹಿಂದೆ ಇದೆ ಎಂದ. ಲೈಟ್ ಬರೆದ ಮೊದಲ ಹೆಸರು ಸಣ್ಣ ಮಕ್ಕಳನ್ನು ಒತ್ತೆ ಇಟ್ಟುಕೊಂಡಿದ್ದ ಒಬ್ಬನದು. ಆಗ ಪುಸ್ತಕ ನಿಜವೆಂದು ಅವನಿಗೆ ನಂಬಿಕೆಯೇ ಇರಲಿಲ್ಲ. ಎರಡನೆಯದು ಬೀದಿಯಲ್ಲಿ ಹೆಣ್ಣೊಬ್ಬಳನ್ನು ಪೀಡಿಸುತ್ತಿದ್ದವನದು. ಅವನು ಕಣ್ಣೆದುರೇ ಸತ್ತಾಗ ಲೈಟ್ ನಡುಗಿಬಿಡುತ್ತಾನೆ. ಆ ರಾತ್ರಿ ಪುಸ್ತಕವನ್ನು ಸುಟ್ಟುಬಿಡಬಹುದಾಗಿತ್ತು. ಸುಡುವುದಕ್ಕೆ ಬದಲು, ಇದು ನನ್ನಿಂದ ಮಾತ್ರ ಆಗುವ ಕೆಲಸ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. "ಪುಸ್ತಕದಲ್ಲಿ ಬರೆದದ್ದಲ್ಲ ಅಜ್ಜ, ಮನಸ್ಸಿನಲ್ಲಿ ಬರೆದುಕೊಂಡನಲ್ಲ, ಅದು," ಎಂದ ಹುಡುಗ.

ಆಗ ನಾನು ಅವನಿಗೆ ಒಬ್ಬರ ವಿಷಯ ಹೇಳಿದೆ. ಇದುವರೆಗೆ ಮನೆಯಲ್ಲಿ ಹೇಳಿರಲಿಲ್ಲ. ನಾನು ಕೆಲಸ ಮಾಡಿದ ಒಂದು ಶಾಖೆಯಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರಿದ್ದರು. ಹೆಸರೂ ಬೇಡ, ಊರೂ ಬೇಡ. ನನಗೆ ಲೆಡ್ಜರ್ ಬರೆಯಲು ಕಲಿಸಿದವರೇ ಅವರು, ಅಕ್ಷರ ಮುತ್ತು ಪೋಣಿಸಿದ ಹಾಗೆ. ಮಗಳ ಪರೀಕ್ಷೆಯ ಫೀಸು ಕಟ್ಟಲು ಕೊನೆಯ ದಿನ ಬಂದಿತ್ತು, ಸಂಬಳಕ್ಕೆ ಇನ್ನೂ ವಾರವಿತ್ತು. ಬಹಳ ವರ್ಷದಿಂದ ಯಾರೂ ಮುಟ್ಟದ ಒಂದು ಖಾತೆಯಿಂದ ನೂರೈವತ್ತು ರೂಪಾಯಿ ತೆಗೆದರು. ಸಂಬಳ ಬಂದ ದಿನ ವಾಪಸು ಹಾಕಿದರು. ಯಾರಿಗೂ ಗೊತ್ತಾಗಲಿಲ್ಲ. ವಾಪಸು ಹಾಕಿದ್ದೇ ಅವರನ್ನು ಕೆಡಿಸಿತು ಎಂದು ನನಗೆ ಈಗಲೂ ಅನಿಸುತ್ತದೆ. ಅಂದು ಸಿಕ್ಕಿಬಿದ್ದಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು.

ನಾಲ್ಕು ವರ್ಷದ ನಂತರ ಆಡಿಟಿನವರು ಬಂದಾಗ ಇಪ್ಪತ್ತಕ್ಕೂ ಹೆಚ್ಚು ಖಾತೆಗಳು ಸಿಕ್ಕವು. ಎಲ್ಲವೂ ವಯಸ್ಸಾದವರದು, ಓದು ಬಾರದವರದು. ಒಬ್ಬ ಅಜ್ಜಿ ಪಾಸ್‌ಬುಕ್ಕನ್ನು ಸೀರೆಯ ಗಂಟಿನಲ್ಲಿ ಕಟ್ಟಿಕೊಂಡು ಬಂದು, ಮೊಮ್ಮಗಳ ಮದುವೆಗೆ ಇಟ್ಟಿದ್ದು ಎಲ್ಲಿ ಹೋಯಿತಪ್ಪ ಎಂದು ಕೌಂಟರಿನಲ್ಲಿ ನನ್ನನ್ನೇ ಕೇಳಿದರು. ವಿಚಾರಣೆಯಲ್ಲಿ ನಮ್ಮವರು ಅಳಲಿಲ್ಲ. ಆ ಹಣ ಸುಮ್ಮನೆ ಮಲಗಿತ್ತು, ಅವರಿಗೆ ಅದರ ಉಪಯೋಗವಿರಲಿಲ್ಲ, ನನಗಿತ್ತು ಎಂದರು. ಅದೇ ಮುತ್ತಿನಂಥ ಅಕ್ಷರದಲ್ಲಿ ಬರೆದೂ ಕೊಟ್ಟರು. ಯಾರು ಬೇಕಾದವರು, ಯಾರು ಬೇಡದವರು ಎಂದು ಒಬ್ಬನೇ ಕೂತು ಪುಸ್ತಕದಲ್ಲಿ ಪೆನ್ನು ಹಿಡಿದು ತೀರ್ಮಾನಿಸುವುದು. ಆ ಧಾರಾವಾಹಿ ನೋಡುವಾಗ ನನಗೆ ಕಂಡದ್ದು ಜಪಾನಿನ ಹುಡುಗನ ಮುಖವಲ್ಲ.

ಮೊಮ್ಮಗ ಬಹಳ ಹೊತ್ತು ಸುಮ್ಮನಿದ್ದ. ನಂತರ ಕೇಳಿದ, "ಮೊದಲ ಸಲ ನೂರೈವತ್ತು ತೆಗೆದರಲ್ಲ, ಆ ದಿನ ಅವರು ಕೆಟ್ಟವರಾಗಿದ್ದರಾ ಅಜ್ಜ?"

ಅವರ ಮಗಳು ಆ ಪರೀಕ್ಷೆಯಲ್ಲಿ ಪಾಸಾದಾಗ ಶಾಖೆಗೆಲ್ಲ ಮೈಸೂರು ಪಾಕು ಹಂಚಿದ್ದರು, ನಾನೂ ಎರಡು ತುಂಡು ತಿಂದಿದ್ದೆ ಎಂದೆ. ಅವನು ಮತ್ತೇನೂ ಕೇಳಲಿಲ್ಲ. ಲೈಟ್‌ನ ಕಥೆ ಏನಾಗುತ್ತದೆ ಎಂದು ನಾನು ಇಲ್ಲಿ ಬರೆಯುವುದಿಲ್ಲ, ಬರೆದರೆ ಮೊಮ್ಮಗ ನನ್ನ ಜೊತೆ ಮಾತು ಬಿಡುತ್ತಾನೆ. ರ್‍ಯೂಕ್ ಮೊದಲ ದಿನವೇ ಹುಡುಗನಿಗೆ ಒಂದು ಮಾತು ಹೇಳಿರುತ್ತಾನೆ, ಅದನ್ನು ಗಮನವಿಟ್ಟು ಕೇಳಿಸಿಕೊಳ್ಳಿ.

ಅನಿಮೆಯನ್ನು ಇದುವರೆಗೆ ನೋಡಿಯೇ ಇಲ್ಲದ ಅಜ್ಜ ಅಜ್ಜಿಯರು ಎಲ್ಲಿಂದ ಶುರು ಮಾಡಬೇಕು ಎಂದು ಕೇಳಬಹುದು. ನಮಗೆ ತೀರ ಪರಿಚಯದ ಖಳನಿಂದಲೇ ಮಾಡಿ. ಯೂಗೊ ಸಾಕೊ ಎಂಬ ಜಪಾನಿನವರು 1983ರಲ್ಲಿ ಒಂದು ಸಾಕ್ಷ್ಯಚಿತ್ರದ ಕೆಲಸಕ್ಕೆ ಭಾರತಕ್ಕೆ ಬಂದಾಗ ರಾಮಾಯಣಕ್ಕೆ ಮನಸೋತರು. ಮನುಷ್ಯರನ್ನು ನಟಿಸಲು ಹಚ್ಚಿ ರಾಮಾಯಣ ತೋರಿಸುವುದಕ್ಕಿಂತ ಚಿತ್ರ ಬರೆದು ತೋರಿಸಿದರೇ ಚೆನ್ನ ಎಂದು ಹಟ ಹಿಡಿದರು. ನಮ್ಮ ದೇಶದ ಅನಿಮೇಷನ್ ಕಲಾವಿದ ರಾಮ್ ಮೋಹನ್ ಅವರೂ, ಕೊಇಚಿ ಸಸಾಕಿ ಎಂಬ ಜಪಾನಿನವರೂ ಜೊತೆಯಾದರು. 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ' 1993ರಲ್ಲಿ ಮುಗಿಯಿತು. ಆಗ ನಮ್ಮಲ್ಲಿ ಥಿಯೇಟರಿನಲ್ಲಿ ನೋಡಿದವರು ಕಡಿಮೆ, ಟೀವಿಯಲ್ಲಿ ನೋಡಿ ಬೆಳೆದವರು ಬಹಳ. 2025ರ ಜನವರಿಯಲ್ಲಿ ಮತ್ತೆ ದೊಡ್ಡ ಪರದೆಗೆ ಬಂತು. ಹಳೆಯ ಹಿಂದಿ ಅವತರಣಿಕೆಯಲ್ಲಿ ರಾಮನಿಗೆ ದನಿ ಟೀವಿ ರಾಮಾಯಣದ ಅರುಣ್ ಗೋವಿಲ್ ಅವರದೇ. ರಾವಣನ ದನಿ ಅಮರೀಶ್ ಪುರಿಯವರದು. ಕುಂಭಕರ್ಣನನ್ನು ಎಬ್ಬಿಸುವ ದೃಶ್ಯಕ್ಕೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ಅವನು ಯುದ್ಧಕ್ಕೆ ಇಳಿದಾಗ ನಿಮ್ಮ ಮಡಿಲಿಗೆ ಸರಿಯುತ್ತಾರೆ. ಸಿನಿಮಾ ಎರಡು ಗಂಟೆಗೂ ಮೇಲೆ ಇದೆ, ಒಲೆಯ ಮೇಲೆ ಹಾಲಿಟ್ಟು ಕೂರಬೇಡಿ.